ಬೆಳಕು ತಲುಪದ ಅಂಟು

ಕಡಲ ನೀರಿನ ತೊಟ್ಟಿಯಲ್ಲಿ ಹವಳ ಸಾಕುವವರಿಗೆ ಅಂಟಿಸುವ ಕೆಲಸ ಎಂದೂ ಮುಗಿಯುವುದಿಲ್ಲ. ಬಂಡೆಯ ನೆತ್ತಿಯ ಮೇಲೆ ಜೋಪಾನವಾಗಿ ಕೂರಿಸಿದ ತುಂಡನ್ನು ಇರುಳಲ್ಲಿ ಬಸವನಹುಳು ದೂಡಿಕೊಂಡು ಹೋಗುತ್ತದೆ. ಸನ್ಯಾಸಿ ಏಡಿ ಅದರ ಮೇಲೆಯೇ ಹತ್ತಿ ಇಳಿಯುತ್ತದೆ. ಸೀ ಅರ್ಚಿನ್‌ಗಳಲ್ಲಿ ಕೆಲವು ಜಾತಿಗಳಿಗಂತೂ ಸಿಕ್ಕಿದ್ದನ್ನೆಲ್ಲ ಮೈಮೇಲೆ ಹೊತ್ತು ತಿರುಗುವುದೇ ಅಭ್ಯಾಸ. ಮಗುಚಿ ಮರಳಿಗೆ ಬಿದ್ದ ಹವಳದ ಅಡಿಮೈಗೆ ಬೆಳಕೂ ಇಲ್ಲ, ನೀರಿನ ಓಟವೂ ಇಲ್ಲ. ಕೆಲವೇ ದಿನಗಳಲ್ಲಿ ಆ ಭಾಗದ ಜೀವಪದರ ಕಳಚಿ ಒಳಗಿನ ಬಿಳಿ ಸುಣ್ಣದ ಎಲುಬು ಕಾಣಿಸಿಕೊಳ್ಳುತ್ತದೆ. ತಿಂಗಳುಗಟ್ಟಲೆ ಬೆಳೆಸಿದ ಹವಳ ಒಂದು ರಾತ್ರಿಯ ಉರುಳುವಿಕೆಗೆ ಹೋಗಿಬಿಡಬಹುದು.

ಈ ಸಂಕಟಕ್ಕೆ ಮದ್ದೆಂದು ಈಚೆಗೆ ಹವ್ಯಾಸಿಗಳ ಕೈಗೆ ಬಂದಿರುವುದು ಯುವಿ ಗ್ಲೂ. ಹಚ್ಚಿದ ಮೇಲೂ ಇದು ಮೆತ್ತಗೇ ಇರುತ್ತದೆ. ತುಂಡನ್ನು ಎತ್ತ ಬೇಕಾದರೂ ತಿರುಗಿಸಬಹುದು, ಕೋನ ಸರಿಯಿಲ್ಲವೆನಿಸಿದರೆ ಮತ್ತೆ ತಿದ್ದಬಹುದು. ಮನಸ್ಸಿಗೆ ಒಪ್ಪಿದಾಗ ಪುಟ್ಟ ನೇರಳೆ ಟಾರ್ಚನ್ನು ಹತ್ತಿರ ಹಿಡಿದು ಬೆಳಗಿದರೆ ಐದು ಹತ್ತು ಸೆಕೆಂಡುಗಳಲ್ಲಿ ಅಂಟು ಬಿಗಿಯುತ್ತದೆ. ಗಟ್ಟಿಯಾಗುವ ಗಳಿಗೆಯನ್ನು ಅಂಟು ನಿರ್ಧರಿಸುವುದಿಲ್ಲ, ಕೆಲಸಗಾರ ನಿರ್ಧರಿಸುತ್ತಾನೆ. ಇದು ನಿಜವಾಗಿಯೂ ದೊಡ್ಡ ಅನುಕೂಲ. ಈ ಅಂಟನ್ನು ಮೆಚ್ಚುವವರೆಲ್ಲ ಅದರ ವೇಗವನ್ನೇ ಕೊಂಡಾಡುತ್ತಾರೆ. ನಾನು ಕೇಳುವ ಪ್ರಶ್ನೆ ಬೇರೆ: ಟಾರ್ಚ್ ಆರಿಸಿದ ಮೇಲೆ, ನೆರಳಿನಲ್ಲಿ ಸಿಕ್ಕಿಕೊಂಡು ಗಟ್ಟಿಯಾಗದೆ ಉಳಿದ ಅಂಟು ಎಷ್ಟು? ಕುರ್ಚಿಯ ಕಾಲನ್ನೋ ಗಾಜಿನ ಬೊಂಬೆಯನ್ನೋ ಅಂಟಿಸುವಾಗ ಇದು ಅಷ್ಟು ಮುಖ್ಯವಲ್ಲ. ಇನ್ನೂರು ಮುನ್ನೂರು ಲೀಟರಿನ, ಎಲ್ಲ ಕಡೆಯಿಂದ ಮುಚ್ಚಿದ ಪುಟ್ಟ ಕಡಲಿನಲ್ಲಿ ಮುಖ್ಯವಾಗುತ್ತದೆ.

ಯುವಿ ಗ್ಲೂ ಬರುವ ಮುನ್ನ ಹವಳದವರ ಬಳಿ ಇದ್ದದ್ದು ಎರಡೇ ಅಂಟು. ಇಂದಿಗೂ ಹೆಚ್ಚಿನವರು ನೆಚ್ಚುವುದು ಅವನ್ನೇ. ಮೊದಲನೆಯದು ನಮ್ಮ ಅಂಗಡಿಗಳಲ್ಲಿ ಫೆವಿಕ್ವಿಕ್ ಎಂದು ಸಿಗುವ ಜಾತಿಯ ಸೈನೊಅಕ್ರಿಲೇಟ್, ಅಂದರೆ ಸೂಪರ್ ಗ್ಲೂ. 1942ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯಲ್ಲಿ ಹ್ಯಾರಿ ಕೂವರ್ ಮತ್ತು ಜೊತೆಗಾರರು ಬಂದೂಕಿನ ಗುರಿಕಾಣುವ ಸಾಧನಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಇದು ಎದುರಾಯಿತು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆಂದು ಪಕ್ಕಕ್ಕಿಟ್ಟರು. 1951ರಲ್ಲಿ ಅದೇ ಗುಣದ ಬೆಲೆ ಅರಿವಾಗಿ, 1958ರಲ್ಲಿ ಅಂಟಾಗಿ ಮಾರುಕಟ್ಟೆಗೆ ಬಂತು. ಸೈನೊಅಕ್ರಿಲೇಟ್ ಗಟ್ಟಿಯಾಗುವುದು ತೇವದಿಂದ. ಮೇಲ್ಮೈ ಮೇಲಿನ ನೀರಿನ ಲವಲೇಶವೇ ಅದಕ್ಕೆ ಸಾಕು. ಆದ್ದರಿಂದ ಇದನ್ನು ನೀರಿನೊಳಗೆ ಇಳಿಸಿದ ಕೂಡಲೇ ಹೊರಮೈ ತೊಗಲು ಕಟ್ಟಿಬಿಡುತ್ತದೆ, ಒಳಗಿನದು ದ್ರವವಾಗಿಯೇ ಇರುತ್ತದೆ. ತೊಗಲು ಕಟ್ಟಿದ ಅಂಟು ಬಂಡೆಗೆ ಹತ್ತುವುದಿಲ್ಲ. ಅದಕ್ಕೇ ಅನುಭವಸ್ಥರು ತುಂಡನ್ನು ಒತ್ತಿ ಒಂದೆರಡು ಸುತ್ತು ತಿರುಗಿಸುತ್ತಾರೆ. ತೊಗಲು ಹರಿದು ಒಳಗಿನ ಹೊಸ ಅಂಟು ಬಂಡೆಗೆ ತಾಗಬೇಕು. ಇಷ್ಟಾದರೂ ಅದು ಪೆಡಸು. ಸೆಳೆತವನ್ನು ತಾಳುತ್ತದೆ, ಪಕ್ಕದಿಂದ ಬಿದ್ದ ಪೆಟ್ಟಿಗೆ ಬಿಟ್ಟುಕೊಳ್ಳುತ್ತದೆ.

ಎರಡನೆಯದು ಎಂ-ಸೀಲ್ ಮಾದರಿಯಲ್ಲಿ ಎರಡು ಉಂಡೆ ಕಲಸಿ ನಾದುವ ಎಪಾಕ್ಸಿ. ನೀರಿನಡಿಯಲ್ಲೂ ಗಟ್ಟಿಯಾಗುತ್ತದೆ, ಸಂದುಗೊಂದು ತುಂಬುತ್ತದೆ, ಆದರೆ ತಾನಾಗಿ ಯಾವುದಕ್ಕೂ ಚೆನ್ನಾಗಿ ಅಂಟಿಕೊಳ್ಳುವುದಿಲ್ಲ. ಹೀಗಾಗಿ ಎಪಾಕ್ಸಿ ಉಂಡೆಯ ಮೇಲೂ ಕೆಳಗೂ ಸೂಪರ್ ಗ್ಲೂ ಹಚ್ಚಿ ಮೂರು ಪದರ ಮಾಡುವ ರೂಢಿ ಬಂತು. ಎಪಾಕ್ಸಿ ಹೆಚ್ಚಾದ ದಿನ ನೀರಿನ ಕೊಳೆಯನ್ನು ನೊರೆಯಾಗಿ ಎತ್ತುವ ಪ್ರೋಟೀನ್ ಸ್ಕಿಮ್ಮರ್ ಉಕ್ಕಿ ಹರಿಯುವುದನ್ನು ತೊಟ್ಟಿ ಇಟ್ಟವರು ಕಂಡೇ ಇರುತ್ತಾರೆ. ಗಟ್ಟಿಯಾಗುವಾಗ ಅದರಿಂದ ಸಾವಯವ ಪದಾರ್ಥ ನೀರಿಗೆ ಇಳಿಯುತ್ತದೆಂಬುದಕ್ಕೆ ಆ ನೊರೆಯೇ ಸಾಕ್ಷಿ.

ಬೆಳಕಿಗೆ ಗಟ್ಟಿಯಾಗುವ ಅಂಟು ಹವಳಕ್ಕಾಗಿ ಹುಟ್ಟಿದ್ದಲ್ಲ. ನಮ್ಮಲ್ಲಿ ಬಹಳ ಮಂದಿ ಅದನ್ನು ಬಾಯಲ್ಲಿ ಹೊತ್ತು ತಿರುಗುತ್ತಿದ್ದೇವೆ. ಅಮೆರಿಕದ ದಂತವಿಜ್ಞಾನಿ ರಾಫೆಲ್ ಬೋವೆನ್ 1962ರಲ್ಲಿ ಪೇಟೆಂಟ್ ಪಡೆದ ಬಿಸ್-ಜಿಎಂಎ ಎಂಬ ರಾಳ ಹಲ್ಲು ತುಂಬುವ ಕೆಲಸದ ದಿಕ್ಕನ್ನೇ ಬದಲಿಸಿತು. 1970ರ ದಶಕದ ಆರಂಭದಲ್ಲಿ ಅಂಥ ರಾಳಗಳನ್ನು ನೇರಳಾತೀತ ಬೆಳಕಿನಿಂದ ಬಿಗಿಯುತ್ತಿದ್ದರು. ಆ ಬೆಳಕು ಹೆಚ್ಚು ಆಳಕ್ಕೆ ಇಳಿಯುತ್ತಿರಲಿಲ್ಲ, ಕಣ್ಣಿಗೂ ಚರ್ಮಕ್ಕೂ ಒಳ್ಳೆಯದಲ್ಲ ಎಂದು ಆ ದಶಕದ ಕೊನೆಯ ಹೊತ್ತಿಗೆ ಕಣ್ಣಿಗೆ ಕಾಣುವ ನೀಲಿ ಬೆಳಕಿಗೆ ಹೊರಳಿದರು. ಇವತ್ತು ದಂತವೈದ್ಯರ ಕೈಯಲ್ಲಿರುವ ನೀಲಿ ದೀಪದ ಬೆನ್ನಿಗಿರುವುದು ಆ ಬದಲಾವಣೆ. ಆಳದ ತೊಡಕು ಮಾತ್ರ ಪೂರ್ತಿ ಹೋಗಲಿಲ್ಲ. ಇಂದಿಗೂ ಸಾಮಾನ್ಯ ರಾಳವನ್ನು ಸುಮಾರು 2 ಮಿಲಿಮೀಟರ್ ದಪ್ಪದ ಪದರಗಳಾಗಿ ತುಂಬಿ, ಪ್ರತಿ ಪದರಕ್ಕೂ ಬೇರೆಯಾಗಿ ಬೆಳಕು ಹಿಡಿಯುತ್ತಾರೆ. ಹವಳದವರು ದಂತವೈದ್ಯರಿಂದ ಕಲಿಯಬೇಕಾದ ಮೊದಲ ಪಾಠ ಇದೇ.

ಒಳಗೆ ನಡೆಯುವುದೇನೆಂದು ತಿಳಿದರೆ ಪಾಠ ಇನ್ನೂ ಸ್ಪಷ್ಟವಾಗುತ್ತದೆ. ಅಂಟಿನ ಬಹುಭಾಗ ಅಕ್ರಿಲೇಟ್ ಅಥವಾ ಮೆಥಾಕ್ರಿಲೇಟ್ ಅಣುಗಳು. ಅವು ಬಿಡಿಬಿಡಿಯಾಗಿದ್ದಷ್ಟು ಹೊತ್ತು ಅಂಟು ದ್ರವ. ಜೊತೆಗೆ ಅತ್ಯಲ್ಪ ಪ್ರಮಾಣದಲ್ಲಿ ಬೆಳಕಿಗೆ ಸೂಕ್ಷ್ಮವಾದ ಒಂದು ಪದಾರ್ಥ ಬೆರೆತಿರುತ್ತದೆ. ತನಗೆ ಒಗ್ಗುವ ಬಣ್ಣದ ಬೆಳಕು ಬಿದ್ದೊಡನೆ ಅದು ಕೆರಳಿ ಸ್ವತಂತ್ರ ರ್‍ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ. ಒಂಟಿ ಎಲೆಕ್ಟ್ರಾನಿನ ಆ ಚೂರುಗಳು ಪಕ್ಕದ ಅಣುವಿಗೆ ಹೋಗಿ ಸೇರುತ್ತವೆ, ಅದು ಅದರ ಪಕ್ಕದ್ದಕ್ಕೆ, ಹೀಗೆ ಕ್ಷಣಾರ್ಧದಲ್ಲಿ ಸರಪಳಿ ಬೆಳೆದು ಅಡ್ಡಡ್ಡ ಹೆಣೆದುಕೊಂಡು ಬಲೆಯಾಗುತ್ತದೆ. ಶಾಖವೂ ಹುಟ್ಟುತ್ತದೆ. ದಪ್ಪಗೆ ಸುರಿದು ಒಮ್ಮೆಗೇ ಜೋರು ಬೆಳಕು ಹಿಡಿದರೆ ಬೆರಳಿಗೆ ಬಿಸಿ ತಿಳಿಯುವಷ್ಟು. ಬೆಳಕು ಬೀಳದ ಕಡೆ ಸರಪಳಿ ಶುರುವಾಗುವುದೇ ಇಲ್ಲ. ಸೂಪರ್ ಗ್ಲೂಗೂ ಎಪಾಕ್ಸಿಗೂ ಕತ್ತಲೆಯಲ್ಲಿ ಕೆಲಸ ಮಾಡಲು ಬರುತ್ತದೆ, ಹೊತ್ತು ಕೊಟ್ಟರೆ ಒಳಗಿನದೂ ಗಟ್ಟಿಯಾಗುತ್ತದೆ. ಬರೀ ಬೆಳಕನ್ನೇ ನೆಚ್ಚಿದ ಅಂಟಿಗೆ ಎಷ್ಟು ದಿನ ಕಾದರೂ ಆ ಭಾಗ್ಯವಿಲ್ಲ.

ಈಗ ಹವಳದ ತುಂಡಿನ ಬುಡವನ್ನು ನೆನೆಸಿಕೊಳ್ಳಿ. ಕತ್ತರಿಸಿದ ಮೈ ಉಬ್ಬುತಗ್ಗು, ಬಂಡೆಯ ಮೈಯೂ ತೂತುತೂತು. ಇವೆರಡರ ನಡುವೆ ಒತ್ತಿದ ಅಂಟಿಗೆ ಬೆಳಕು ಅಂಚಿನಿಂದ ಮಾತ್ರ ನುಗ್ಗಬೇಕು. ಹವಳದ ಎಲುಬು ಅರಗೊನೈಟ್ ಎಂಬ ಸುಣ್ಣ. ಅದು ಬಿಳಿ, ಬೆಳಕನ್ನು ಚದುರಿಸಿ ಸ್ವಲ್ಪ ಒಳಗೂ ಬಿಡುತ್ತದೆ, ಅಷ್ಟರಮಟ್ಟಿಗೆ ನಮ್ಮ ಕಡೆ. ಆದರೆ ಬಂಡೆ ಬಿಡುವುದಿಲ್ಲ. ಸುತ್ತಲೂ ಉಂಗುರದಷ್ಟು ಭಾಗ ಬಿಗಿದು, ಒಳಗಿನ ತಿರುಳು ದ್ರವವಾಗಿಯೇ ಉಳಿಯುವುದು ಸಾಮಾನ್ಯ. ಹೊರಗಿನಿಂದ ಅಲುಗಿಸಿ ನೋಡಿದರೆ ಭದ್ರ. ಮುಂದೆ ಉಂಗುರಕ್ಕೆ ಎಲ್ಲಾದರೂ ಬಿರುಕು ಬಿಟ್ಟ ದಿನ ಆ ದ್ರವ ನೀರಿಗೆ ಸೇರುತ್ತದೆ. ಬಂಡೆಯ ಮೇಲೆ ಹಬ್ಬುವ ಕೆಂಪು ಸುಣ್ಣಪಾಚಿಯ ಬಣ್ಣಕ್ಕೆ ಹೊಂದಲೆಂದು ನೇರಳೆ, ಗುಲಾಬಿ ಬಣ್ಣ ಬೆರೆಸಿದ ಅಂಟಾದರೆ ಆ ಬಣ್ಣವೇ ಬೆಳಕನ್ನು ನುಂಗಿ ಆಳವನ್ನು ಇನ್ನಷ್ಟು ಕಡಿಮೆ ಮಾಡುತ್ತದೆ. ಕಣ್ಣಿಗೆ ಚೆಂದವೆಂದು ಅದನ್ನು ಆರಿಸುವವರು ಪದರ ಇನ್ನೂ ತೆಳುವಾಗಿರಲಿ ಎಂದು ನೋಡಿಕೊಳ್ಳಬೇಕು.

ಗಾಳಿಗೂ ಇದರಲ್ಲಿ ಪಾತ್ರವಿದೆ. ಬೆಳೆಯುತ್ತಿರುವ ಸರಪಳಿಯ ತುದಿಗೆ ಆಮ್ಲಜನಕ ಸಿಕ್ಕಿತೆಂದರೆ ಸರಪಳಿ ಅಲ್ಲೇ ತಟಸ್ಥವಾಗುತ್ತದೆ. ಯುವಿ ಗ್ಲೂ ಗಟ್ಟಿಯಾದ ಮೇಲೂ ಮೇಲ್ಪದರ ಬೆರಳಿಗೆ ಜಿಗುಟಾಗಿ ತಾಗುವುದು ಇದರಿಂದಲೇ. ದಂತವೈದ್ಯರು ಕೆಲವೊಮ್ಮೆ ಕೊನೆಯ ಪದರದ ಮೇಲೆ ಗ್ಲಿಸರಿನ್ ಸವರಿ ಬೆಳಕು ಹಿಡಿಯುವುದುಂಟು, ಗಾಳಿಯನ್ನು ದೂರವಿಡಲು. ಈ ವಿಷಯದಲ್ಲಿ ನೀರು ಹವಳದವರ ಗೆಳೆಯ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, 25 ಡಿಗ್ರಿಯ ಒಂದು ಲೀಟರ್ ಕಡಲ ನೀರಿನಲ್ಲಿ ಕರಗಿರುವುದು ಹೆಚ್ಚೆಂದರೆ 7 ಮಿಲಿಗ್ರಾಂ ಆಸುಪಾಸು. ನೀರಿನಡಿ ಬೆಳಗಿದ ಅಂಟಿನ ಮೇಲ್ಮೈ ಹೊರಗಿನದಕ್ಕಿಂತ ಚೊಕ್ಕವಾಗಿ ಬಿಗಿಯಲು ಅವಕಾಶವಿದೆ. ಆದರೆ ನೀರಿನಡಿಯಲ್ಲಿ ಬೇರೊಂದು ಕಾಟ ಕಾದಿರುತ್ತದೆ. ಒದ್ದೆ ಬಂಡೆಯ ಮೇಲೆ ಪಾಚಿ, ಬ್ಯಾಕ್ಟೀರಿಯಾಗಳ ಲೋಳೆ ಇರುತ್ತದೆ, ಕತ್ತರಿಸಿದ ಹವಳವೂ ಲೋಳೆ ಸುರಿಸುತ್ತದೆ. ಅಂಟು ಬಂಡೆಯನ್ನು ಮುಟ್ಟುವ ಬದಲು ಲೋಳೆಯನ್ನು ಹಿಡಿದುಕೊಂಡು ಗಟ್ಟಿಯಾಗುತ್ತದೆ. ಎಂಥ ದೀಪ ಬೆಳಗಿದರೂ ಇದು ಸರಿಹೋಗದು. ಬ್ರಷ್ಷಿನಿಂದ ಬಂಡೆ ಉಜ್ಜಿ, ಹವಳದ ಬುಡವನ್ನು ಟಿಶ್ಯೂ ಕಾಗದದಿಂದ ಒರೆಸುವುದೊಂದೇ ದಾರಿ.

ದೀಪದ ವಿಚಾರದಲ್ಲಿ ಜನ ಮೋಸಹೋಗುವುದು ಬಣ್ಣದಲ್ಲಿ. ‘ಯುವಿ ಟಾರ್ಚ್’ ಎಂದು ಮಾರುವುದರಲ್ಲಿ 365 ನ್ಯಾನೊಮೀಟರಿನದೂ ಇರುತ್ತದೆ, 395ರದೂ 405ರದೂ ಇರುತ್ತದೆ. ಅಂಟಿನಲ್ಲಿ ಬೆರೆತ ಪದಾರ್ಥ ಯಾವ ಬೆಳಕನ್ನು ಹೀರುತ್ತದೋ ಅದನ್ನೇ ಕೊಡಬೇಕು. ಹಲ್ಲಿನ ರಾಳಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕ್ಯಾಂಫರ್‌ಕ್ವಿನೋನ್ ಅತಿ ಹೆಚ್ಚು ಹೀರುವುದು 468 ನ್ಯಾನೊಮೀಟರಿನ ನೀಲಿಯನ್ನು. ಟಿಪಿಒ ಎಂಬ ರಂಜಕದ ಸಂಯುಕ್ತ 420ರ ಆಸುಪಾಸಿನಿಂದ ಕೆಳಕ್ಕೆ ಹೀರುತ್ತದೆ. ಒಂದಕ್ಕೆ ಇನ್ನೊಂದರ ದೀಪ ಹಿಡಿದರೆ ಅಂಟು ಅರೆಬೆಂದು ಉಳಿಯುತ್ತದೆ. ತೊಟ್ಟಿಯ ಹೊರಗಿನಿಂದ ಗೋಡೆಯ ಮೂಲಕ ಬೆಳಗುವವರು ಇನ್ನೊಂದನ್ನೂ ಗಮನಿಸಬೇಕು: ಮಾಮೂಲಿ ಗಾಜು 405ನ್ನೂ 365ರ ಹೆಚ್ಚಿನ ಪಾಲನ್ನೂ ಒಳಬಿಡುತ್ತದೆ, ಆದರೆ ಅಕ್ರಿಲಿಕ್ ಹಾಳೆಗಳಲ್ಲಿ ಅನೇಕ ಬಾರಿ ನೇರಳಾತೀತವನ್ನು ತಡೆಯುವ ಪದಾರ್ಥ ಬೆರೆಸಿರುತ್ತಾರೆ. ಅಂಥ ತೊಟ್ಟಿಯಲ್ಲಿ 365ರ ಟಾರ್ಚ್ ಗೋಡೆಯಲ್ಲೇ ಸೋತುಬಿಡುತ್ತದೆ.

ಹವಳದ ತೊಟ್ಟಿಯ ಮೇಲಿನ ಎಲ್‌ಇಡಿ ದೀಪಗಳೂ ಇದೇ ನೀಲಿ ನೇರಳೆ ಪಟ್ಟಿಯವು ಎಂಬುದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಹವಳದ ಮೈಯೊಳಗೆ ವಾಸವಾಗಿದ್ದು ಅದಕ್ಕೆ ಅನ್ನ ಹುಟ್ಟಿಸಿಕೊಡುವ ಝೂಝಾಂಥೆಲೆ ಪಾಚಿಗಳು ನೀಲಿ ಬೆಳಕನ್ನು ಚೆನ್ನಾಗಿ ಬಳಸುತ್ತವೆ. ಆದ್ದರಿಂದಲೇ 450 ನ್ಯಾನೊಮೀಟರಿನ ರಾಯಲ್ ಬ್ಲೂ ದೀಪಗಳೂ, ಹೊಳಪಿಗೆಂದು 400ರಿಂದ 420ರ ನೇರಳೆ ದೀಪಗಳೂ ಅಲ್ಲಿರುತ್ತವೆ. ಅವುಗಳ ಕೆಳಗೆ ಅಂಟಿನ ಟ್ಯೂಬು ತೆರೆದು ನಿಂತರೆ ಮೂತಿಯಲ್ಲೇ ಬಿಗಿಯತೊಡಗುತ್ತದೆ. ಕೆಲಸಕ್ಕೆ ಮುನ್ನ ತೊಟ್ಟಿಯ ದೀಪ ಆರಿಸಿ, ಕೋಣೆಯ ಹಳದಿ ಬಲ್ಬಿನಲ್ಲಿ ಅಂಟು ಹಚ್ಚಿ ಜೋಡಿಸುವುದು ಸರಿಯಾದ ಕ್ರಮ.

ಟಾರ್ಚಿನ ತೀವ್ರತೆಯನ್ನೂ ಲಘುವಾಗಿ ಎಣಿಸಬಾರದು. ನಡುಹಗಲ ನಿಚ್ಚಳ ಬಿಸಿಲು ನೆಲಕ್ಕೆ ತರುವ ಒಟ್ಟು ಶಕ್ತಿ ಚದರ ಸೆಂಟಿಮೀಟರಿಗೆ ಸುಮಾರು 100 ಮಿಲಿವ್ಯಾಟ್, ಎಲ್ಲ ಬಣ್ಣವೂ ಸೇರಿ. ದಂತವೈದ್ಯರ ದೀಪ ಅಷ್ಟೇ ಜಾಗಕ್ಕೆ ಒಂದೇ ಬಣ್ಣದಲ್ಲಿ 1,000 ಮಿಲಿವ್ಯಾಟ್ ಸುರಿಯುವುದು ಸಾಮಾನ್ಯ. ಅಂಥ ದೀಪವನ್ನು ಹವಳದ ಬುಡಕ್ಕೆ ಹಿಡಿಯುವಾಗ ಜೀವವಿರುವ ಭಾಗ ಪಕ್ಕದಲ್ಲೇ ಇರುತ್ತದೆ. ಒಳಗಿನ ಪಾಚಿಗೆ ಅತಿಬೆಳಕು ಬಿದ್ದರೆ ಅದು ವಿಷಕಾರಿ ಆಮ್ಲಜನಕ ಕಣಗಳನ್ನು ಹುಟ್ಟಿಸುತ್ತದೆ, ಹವಳ ಬಿಳಿಚಿಕೊಳ್ಳುವುದು ಇಂಥ ಒತ್ತಡದಿಂದಲೇ. ಅಡುಗೆಮನೆಯ ಅಲ್ಯುಮಿನಿಯಂ ಹಾಳೆಯ ಒಂದು ಚೂರನ್ನು ಜೀವಪದರಕ್ಕೆ ಅಡ್ಡ ಹಿಡಿದರೆ ಸಾಕು. ನಮ್ಮ ಕಣ್ಣಿಗೆ ಆ ದೀಪದ ಬಣ್ಣವನ್ನು ತಡೆಯುವ ಕನ್ನಡಕ ಬೇಕು. ನೀರಿನ ಮೇಲ್ಮೈಯಿಂದ ತಿರುಗಿ ಬರುವ ಹೊಳಪೂ ಕಣ್ಣಿಗೆ ಒಳ್ಳೆಯದಲ್ಲ. ಮಕ್ಕಳು ಕುತೂಹಲದಿಂದ ಪಕ್ಕದಲ್ಲಿ ನಿಂತು ನೋಡುವ ಮನೆಗಳಲ್ಲಿ ಇದನ್ನು ಮರೆಯಲೇಬಾರದು.

ಗಟ್ಟಿಯಾಗದೆ ಉಳಿದ ಅಂಟಿನ ಬಗ್ಗೆ ನಾನು ಇಷ್ಟು ಹಟ ಹಿಡಿಯಲು ಕಾರಣವಿದೆ. ಅಕ್ರಿಲೇಟ್‌ಗಳು ಚರ್ಮಕ್ಕೆ ಅಲರ್ಜಿ ಹಿಡಿಸುತ್ತವೆ, ಒಮ್ಮೆ ಹಿಡಿದರೆ ಅದು ಬದುಕಿಡೀ ಇರುತ್ತದೆ. ಜೆಲ್ ಉಗುರುಬಣ್ಣ ಹಚ್ಚುವ ಕೆಲಸದವರಲ್ಲೂ ದಂತವೈದ್ಯಕೀಯ ಸಿಬ್ಬಂದಿಯಲ್ಲೂ ಇದು ಚರ್ಮವೈದ್ಯರಿಗೆ ಚೆನ್ನಾಗಿ ಪರಿಚಿತ. ಹೆಮಾ ಎಂಬ ಸಣ್ಣ ಅಣು ತೆಳ್ಳನೆಯ ನೈಟ್ರೈಲ್ ಕೈಗವಸನ್ನೂ ಕೆಲವೇ ನಿಮಿಷಗಳಲ್ಲಿ ದಾಟಬಲ್ಲದು. ಅದು ನೀರಿನಲ್ಲಿ ಕರಗುವಂಥದ್ದು ಕೂಡ. ಮೇಲೆ ಹೇಳಿದ ಟಿಪಿಒವನ್ನು ಐರೋಪ್ಯ ಒಕ್ಕೂಟ ಸಂತಾನಶಕ್ತಿಗೆ ಹಾನಿಕರವೆಂದು ವರ್ಗೀಕರಿಸಿ, 2025ರ ಸೆಪ್ಟೆಂಬರ್ 1ರಿಂದ ಉಗುರುಬಣ್ಣ ಮೊದಲಾದ ಸೌಂದರ್ಯ ಸಾಮಗ್ರಿಗಳಲ್ಲಿ ನಿಷೇಧಿಸಿತು. ಪೂರ್ತಿ ಬಿಗಿದ ಪ್ಲಾಸ್ಟಿಕ್ಕಿನಲ್ಲಿ ಈ ಪದಾರ್ಥಗಳ ಬಹುಪಾಲು ಬಲೆಯಲ್ಲಿ ಸಿಕ್ಕಿಕೊಂಡಿರುತ್ತದೆ, ಹೆದರಬೇಕಿಲ್ಲ. ಅರೆಬೆಂದದ್ದು ಹಾಗಲ್ಲ. ಆದ್ದರಿಂದ ಅಂಟಿನಲ್ಲಿ ಏನೇನಿದೆಯೆಂದು ತಯಾರಕರ ಸುರಕ್ಷತಾ ಪತ್ರದಲ್ಲಿ ಓದದೆ, ಮೊಬೈಲ್ ಪರದೆಗೋ ಕರಕುಶಲ ಕೆಲಸಕ್ಕೋ ಮಾಡಿದ ಅಗ್ಗದ ಯುವಿ ರಾಳವನ್ನು ತೊಟ್ಟಿಗೆ ಇಳಿಸುವುದನ್ನು ನಾನು ಒಪ್ಪಲಾರೆ. ತೊಟ್ಟಿಯಲ್ಲಿರುವ ಮೀನು, ಸಿಗಡಿಗಳಿಗೆ ಅಲ್ಲಿಂದ ಎದ್ದು ಹೋಗುವ ದಾರಿಯಿಲ್ಲ.

ಹಾಗಾದರೆ ಯುವಿ ಗ್ಲೂ ಎಲ್ಲಿ ಸಲ್ಲುತ್ತದೆ? ಮೇಜಿನ ಮೇಲೆ, ನೀರಿನ ಹೊರಗೆ. ದೊಡ್ಡ ಹವಳದಿಂದ ಕತ್ತರಿಸಿದ ಸಣ್ಣ ತುಂಡುಗಳನ್ನು, ಅಂದರೆ ಫ್ರ್ಯಾಗುಗಳನ್ನು, ಸೆರಾಮಿಕ್ ಪ್ಲಗ್ಗಿನ ಮೇಲೆ ಕೂರಿಸುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಪ್ಲಗ್ಗಿನ ಮೈ ಚಪ್ಪಟೆ, ಬಿಳಿ, ಒಣಗಿದ್ದು, ಲೋಳೆಯಿಲ್ಲದ್ದು. ಅಂಟಿನ ಪದರ ತೆಳು. ಸುತ್ತಲೂ ಬೆಳಕು ಹಿಡಿಯಬಹುದು. ಗಟ್ಟಿಯಾದ ಮೇಲೆ ಬೇರೆ ಪಾತ್ರೆಯ ಕಡಲ ನೀರಿನಲ್ಲಿ ಅದ್ದಿ ತೊಳೆದು ತೊಟ್ಟಿಗೆ ಇಳಿಸಬಹುದು. ಎರಡು ಮೂರು ಕಡೆ ಒರಗಿ ನಿಲ್ಲಬೇಕಾದ ಕವಲುಹವಳಕ್ಕೆ, ಸೂಪರ್ ಗ್ಲೂ ಒಣಗುವವರೆಗೆ ಬೆರಳು ಮರಗಟ್ಟಿಸಿಕೊಂಡು ನಿಲ್ಲುವ ಪಾಡೂ ತಪ್ಪುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಅಂಟು ವರ್ಷಗಟ್ಟಲೆ ಬಾಳಬೇಕೆಂದೇನೂ ಇಲ್ಲ. ಆರೋಗ್ಯವಾಗಿರುವ ಕಲ್ಲುಹವಳ ಕೆಲವೇ ವಾರಗಳಲ್ಲಿ ತನ್ನ ಬುಡದ ಜೀವಪದರವನ್ನು ಪ್ಲಗ್ಗಿನ ಮೇಲೆ ಹರಡಿ, ಅದರಡಿ ಸುಣ್ಣ ಹಾಸಿ ತಾನೇ ಬೆಸೆದುಕೊಳ್ಳುತ್ತದೆ. ಫ್ಲೋರಿಡಾದ ಮೋಟ್ ಸಾಗರ ಪ್ರಯೋಗಾಲಯದಲ್ಲಿ ಡೇವಿಡ್ ವಾನ್ ಬೆಳೆಸಿದ ಸೂಕ್ಷ್ಮ ತುಂಡಿನ ವಿಧಾನ ನಿಂತಿರುವುದೇ ಈ ಗುಣದ ಮೇಲೆ. ಒಂದೇ ತಾಯಿಹವಳದಿಂದ ಕತ್ತರಿಸಿದ ಪುಟ್ಟ ಚೂರುಗಳನ್ನು ಹತ್ತಿರ ಹತ್ತಿರ ನೆಟ್ಟರೆ ಅವು ಹರಡಿ, ಅಂಚು ಕೂಡಿ ಮತ್ತೆ ಒಂದೇ ಹವಳವಾಗುತ್ತವೆ. ಕಡಲಿನ ಪುನಶ್ಚೇತನದ ಕೆಲಸದಲ್ಲಿ ಎಪಾಕ್ಸಿ, ಸಿಮೆಂಟು ಬಳಕೆಯಲ್ಲಿವೆ. ಬೆಳಕಿನ ಅಂಟಿಗೆ ಅಲ್ಲಿ ಎಡೆ ಕಷ್ಟ, ಬಂಡೆ ಒರಟು, ಸಂದುಗಳು ದೊಡ್ಡವು, ಮೇಲಿಂದ ಬಿಸಿಲೇ ಅಂಟನ್ನು ಬಿಗಿಯಲು ಶುರುಮಾಡುತ್ತದೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನಲ್ಲಿ 2018ರಿಂದ ಬಳಕೆಗೆ ಬಂದ ಕೋರಲ್‌ಕ್ಲಿಪ್ ಎಂಬ ಸಾಧನದಲ್ಲಿ ಅಂಟೇ ಇಲ್ಲ. ಮೊಳೆ ಹೊಡೆದು ಕೂರಿಸಿದ ಸ್ಪ್ರಿಂಗ್ ಕ್ಲಿಪ್ಪು ಹವಳವನ್ನು ಬಂಡೆಗೆ ಒತ್ತಿ ಹಿಡಿದಿರುತ್ತದೆ. ಉಳಿದದ್ದನ್ನು ಹವಳವೇ ನೋಡಿಕೊಳ್ಳುತ್ತದೆ.

ನಮ್ಮಲ್ಲಿ ಅಂಟಿಗೂ ಮುನ್ನ ಕಾನೂನು ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಕಲ್ಲುಹವಳಗಳೆಲ್ಲ ಇವೆ, ಕಪ್ಪು ಹವಳ, ಬೆಂಕಿಹವಳ, ಆರ್ಗನ್ ಪೈಪ್ ಹವಳ, ಕಡಲ ಬೀಸಣಿಗೆಗಳೂ ಇವೆ. ಹುಲಿಗೆ ಸಿಗುವ ರಕ್ಷಣೆಯೇ ಅವಕ್ಕೂ. ಮುರುಡೇಶ್ವರದ ಎದುರಿನ ನೇತ್ರಾಣಿಯ ಸುತ್ತ ಇರುವ ಹವಳವಾಗಲಿ, ಲಕ್ಷದ್ವೀಪ, ಮನ್ನಾರ್ ಕೊಲ್ಲಿಯದಾಗಲಿ, ಒಂದು ಚೂರನ್ನೂ ಎತ್ತಿ ತರುವಂತಿಲ್ಲ. ಸತ್ತ ಹವಳದ ಕಲ್ಲೂ ಹವಳವೇ. ಹೀಗಾಗಿ ಬೆಂಗಳೂರು, ಮಂಗಳೂರಿನ ಹವ್ಯಾಸಿಯ ಮುಂದಿರುವ ಅಂಟಿಸುವ ಕೆಲಸ ಮುಖ್ಯವಾಗಿ ಎರಡು: ಕೃತಕ ಬಂಡೆಗಳನ್ನು ಒಂದರ ಮೇಲೊಂದು ಕಟ್ಟುವುದು, ಮತ್ತು ಸಾಕಣೆಯಲ್ಲಿ ಬೆಳೆದ ಝೊವಾಂತಿಡ್, ಮಶ್ರೂಮ್, ಲೆದರ್ ಜಾತಿಯ ಮೆದು ಜೀವಿಗಳನ್ನು ನೆಡುವುದು.

ಎರಡಕ್ಕೂ ಯುವಿ ಗ್ಲೂ ಅಷ್ಟಾಗಿ ಹೊಂದುವುದಿಲ್ಲ. ಬಂಡೆಗಳ ಬೆಸುಗೆ ದಪ್ಪ, ಒಳಗೆಲ್ಲ ಕತ್ತಲು. ಅಲ್ಲಿ ಸಿಮೆಂಟೋ, ಸೂಪರ್ ಗ್ಲೂಗೆ ಅರಗೊನೈಟ್ ಮರಳು ಉದುರಿಸಿ ಮಾಡುವ ಗಾರೆಯೋ ವಾಸಿ. ಮೆದು ಹವಳದ ಮಾಂಸಕ್ಕೆ ಯಾವ ಅಂಟೂ ನೆಚ್ಚುವಂತೆ ಹಿಡಿಯುವುದಿಲ್ಲ. ಲೆದರ್, ಮಶ್ರೂಮ್‌ಗಳನ್ನು ಸಣ್ಣ ಕಲ್ಲುಚೂರುಗಳ ಬಟ್ಟಲಲ್ಲಿ ಬಲೆ ಮುಚ್ಚಿ ಬಿಟ್ಟರೆ ತಾವೇ ಕಲ್ಲು ಹಿಡಿಯುತ್ತವೆ, ಆಮೇಲೆ ಆ ಕಲ್ಲನ್ನು ಅಂಟಿಸಿದರಾಯಿತು. ಝೊವಾಂತಿಡ್‌ಗಳನ್ನು ಕತ್ತರಿಸುವಾಗಿನ ಅಪಾಯವನ್ನಂತೂ ಅಂಟಿನ ಉತ್ಸಾಹದಲ್ಲಿ ಮರೆಯಬಾರದು. ಅವುಗಳಲ್ಲೇ ಒಂದಾದ ಪಾಲಿಥೋವಾದಿಂದ 1971ರಲ್ಲಿ ಹವಾಯಿಯ ರಿಚರ್ಡ್ ಮೂರ್ ಮತ್ತು ಪಾಲ್ ಶೋಯರ್ ಬೇರ್ಪಡಿಸಿದ ಪಾಲಿಟಾಕ್ಸಿನ್, ಪ್ರೋಟೀನೇತರ ವಿಷಗಳಲ್ಲಿ ಅತ್ಯಂತ ಉಗ್ರವಾದವುಗಳಲ್ಲಿ ಒಂದು. ಕೈಗವಸು, ಕಣ್ಣಿಗೆ ಮುಚ್ಚುಗನ್ನಡಕ ಇಲ್ಲದೆ ಕತ್ತರಿಸಕೂಡದು. ಅವು ಹತ್ತಿದ ಕಲ್ಲನ್ನು ಎಂದೂ ಕುದಿಸಕೂಡದು, ಒಣಗಿಸಿ ಉಜ್ಜಕೂಡದು. ಆವಿಯೊಡನೆ ವಿಷ ಉಸಿರಿಗೆ ಹೋಗಿ ಇಡೀ ಮನೆಯವರು ಆಸ್ಪತ್ರೆ ಸೇರಿದ ಪ್ರಸಂಗಗಳು ಬೇರೆ ಬೇರೆ ದೇಶಗಳಲ್ಲಿ ನಡೆದಿವೆ.

ಇಷ್ಟೆಲ್ಲ ತಿಳಿದೂ ನೀರಿನೊಳಗೇ ಯುವಿ ಗ್ಲೂ ಬಳಸಬೇಕಾದ ಸಂದರ್ಭ ಬರುತ್ತದೆ: ಎತ್ತಲಾಗದ ಬಂಡೆ, ಕೆಳಗೆ ಬಿದ್ದ ಪ್ಲಗ್ಗು. ಆಗ ನೀರೆಳೆಯುವ ಪಂಪು, ಅಲೆಯ ಪಂಪು ನಿಲ್ಲಿಸಿ. ಉಜ್ಜಿದ ಜಾಗಕ್ಕೆ ಕಡಲೆಕಾಳಿಗಿಂತ ಹೆಚ್ಚು ಅಂಟು ಬೇಡ. ಒಂದು ಪದರಕ್ಕೆ ಬೆಳಕು ಹಿಡಿದು ಆಮೇಲೆ ಇನ್ನೊಂದು. ಮೇಲಿನಿಂದ ಮಾತ್ರವಲ್ಲ, ಸುತ್ತ ನಾಲ್ಕೂ ಕಡೆಯಿಂದ, ಟಾರ್ಚನ್ನು ಆದಷ್ಟು ಹತ್ತಿರ ತಂದು. ಮುಗಿದ ಮೇಲೆ ಹಲ್ಲುಕಡ್ಡಿಯಿಂದ ನೆರಳಿನ ಕಡೆಯ ಅಂಚನ್ನು ಕೆದಕಿ ನೋಡಿ. ಕಡ್ಡಿ ಜಿಗುಟಾಗಿ ಬಂದರೆ ಇನ್ನೊಮ್ಮೆ ಬೆಳಕು, ಆಗಲೂ ಜಿಗುಟು ಉಳಿದರೆ ತುಂಡನ್ನು ಕಿತ್ತು ಹೊರತಂದು ಅಂಟು ಕೆರೆದು ಹೊಸದಾಗಿ ಮಾಡುವುದೇ ಒಳಿತು. ಪಂಪು ಮತ್ತೆ ಹಾಕುವ ಮುನ್ನ ಸಂಪಿನಲ್ಲಿ, ಅಂದರೆ ನೀರು ಸೋಸುವ ಜೊತೆತೊಟ್ಟಿಯಲ್ಲಿ, ಹೊಸ ಆಕ್ಟಿವೇಟೆಡ್ ಕಾರ್ಬನ್ನಿನ ಚೀಲ ಇಳಿಬಿಡಿ, ಒಂದೆರಡು ದಿನ ಅಲ್ಲೇ ಇರಲಿ, ಆಮೇಲೆ ತೆಗೆದು ಎಸೆಯಿರಿ.